ಟಿವಿ ಬಂತು, ಮಕ್ಕಳ ಬಾಯಿ ಮಾತ್ರ ತೆರೆಯಲಿಲ್ಲ: ಇಂಗ್ಲಿಷ್ ಪಾಠಕ್ಕೆ ನೀವೇನು ಬಳಸುತ್ತೀರಿ?

ಚಾಕ್‌ಪೀಸ್ · ಹಾವೇರಿ ಕಡೆ, ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಮ್ಮದು ಹಳ್ಳಿಯ ಸರ್ಕಾರಿ ಹೈಸ್ಕೂಲು, ಕನ್ನಡ ಮಾಧ್ಯಮ. ಜೂನ್‌ನಲ್ಲಿ ದಾನಿಯೊಬ್ಬರು 55 ಇಂಚಿನ ಟಿವಿ ಕೊಟ್ಟರು. ಅದಕ್ಕೆ ಹಾರ ಹಾಕಿದೆವು, ಫೋಟೊ ತೆಗೆಸಿಕೊಂಡೆವು, ಎಂಟನೇ ತರಗತಿಯ ಗೋಡೆಗೆ ಏರಿಸಿದೆವು. ಆ ತರಗತಿಯಲ್ಲಿ 38 ಮಕ್ಕಳು.

ಎರಡು ತಿಂಗಳಿಂದ ವಾರಕ್ಕೆ ಮೂರು ಪಿರಿಯಡ್ ಟಿವಿಯಲ್ಲೇ ಪಾಠ. ಸರ್ಕಾರದ ದೀಕ್ಷಾ ಜಾಲತಾಣದಲ್ಲಿರುವ ವಿಡಿಯೊ, ಕಾರ್ಟೂನ್ ಕತೆ, ಸಂಭಾಷಣೆ ಎಲ್ಲ ತೋರಿಸಿದ್ದಾಯಿತು. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಪಕ್ಕದ ಕ್ಲಾಸಿನ ಮೇಷ್ಟ್ರು ಬಂದು "ಏನ್ರೀ, ನಿಮ್ಮ ಕ್ಲಾಸು ಇಷ್ಟು ಶಾಂತ!" ಅಂತ ಹೊಗಳಿದರು. ನನ್ನ ತೊಂದರೆಯೇ ಆ ಶಾಂತಿ. ವಿಡಿಯೊ ಮುಗಿದ ಮೇಲೆ "ವಾಟ್ ಡಿಡ್ ದಿ ಓಲ್ಡ್ ಮ್ಯಾನ್ ಸೇ?" ಅಂದರೆ 38 ತಲೆಗಳೂ ಕೆಳಗೆ. ಕತೆ ಅರ್ಥವಾಗಿಲ್ಲ ಅಂತಲ್ಲ. ಕನ್ನಡದಲ್ಲಿ ಕೇಳಿದರೆ ಪಟಪಟ ಹೇಳುತ್ತಾರೆ.

ಪುಸ್ತಕದಲ್ಲಿ ಇಂಗ್ಲಿಷು ದ್ವಿತೀಯ ಭಾಷೆ. ನಮ್ಮ ಮಕ್ಕಳಿಗೆ ಅದು ಪರದೇಶದ ಭಾಷೆಯೇ. ಗೇಟು ದಾಟಿದರೆ ಕಿವಿಗೆ ಬೀಳುವುದು ಬರೀ ಬಿಡಿ ಪದಗಳು: ಚಾರ್ಜು, ರೀಚಾರ್ಜು, ಬ್ಯಾಲೆನ್ಸು, ಸೂಪರ್ರು.

ಇನ್ನೊಂದು ವಿಷಯ. ಮೊನ್ನೆ ಒಬ್ಬಳ ಪುಸ್ತಕ ತಿರುವಿ ನೋಡಿದೆ. ಪ್ರತಿ ಇಂಗ್ಲಿಷ್ ಸಾಲಿನ ಮೇಲೂ ಪೆನ್ಸಿಲ್‌ನಲ್ಲಿ ಇರುವೆ ಸಾಲಿನಂತೆ ಕನ್ನಡ ಅಕ್ಷರ. "ವನ್ಸ್ ಅಪಾನ್ ಎ ಟೈಮ್ ದೇರ್ ವಾಸ್ ಎ..." ಅವಳು ಓದುವುದು ಆ ಪೆನ್ಸಿಲ್ ಸಾಲನ್ನು. ಕೆಳಗಿನ ಅಚ್ಚಿನ ಅಕ್ಷರಕ್ಕೆ ಕಣ್ಣೇ ಇಳಿಯುವುದಿಲ್ಲ.

ನನ್ನ ಹತ್ತಿರ ಇರುವುದು: ಟಿವಿ, ನನ್ನದೊಂದು ಫೋನು, ಬಂದರೆ ಬಂತು ಅನ್ನುವ ನೆಟ್‌ವರ್ಕು. ಇಷ್ಟರಲ್ಲಿ ಮಕ್ಕಳನ್ನು ಮಾತಾಡಿಸುವುದು ಹೇಗೆ? ಆಪ್‌ಗಳ ಪಟ್ಟಿ ಬೇಡ, ಗೂಗಲ್‌ನಲ್ಲಿ ಬೇಕಾದಷ್ಟು ಸಿಗುತ್ತದೆ. ನೀವು ಮಾಡಿ ನೋಡಿದ್ದನ್ನು ಹೇಳಿ.

ಹಳೇ ರೇಡಿಯೊ · ಚಾಮರಾಜನಗರ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ

ಸರ್, ನಿಮ್ಮ ಟಿವಿ ಕತೆ ಓದಿ ನಗು ಬಂತು. ನಮ್ಮ ಜಿಲ್ಲೆ ಇದನ್ನೆಲ್ಲ ಇಪ್ಪತ್ತು ವರ್ಷ ಹಿಂದೆಯೇ ನೋಡಿದೆ. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಆಮೇಲೆ ನಮ್ಮ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೂ ಅದರ ಪಾಠ ಬಂತು. ಶಾಲೆಯ ಮೇಲೆ ದೊಡ್ಡ ಡಿಶ್ ಕೂತಿತು. ಮಕ್ಕಳು ಆಗಲೂ ನಿಮ್ಮ ಮಕ್ಕಳಂತೆಯೇ ಶಾಂತವಾಗಿ ನೋಡುತ್ತಿದ್ದರು.

ಆದರೆ ಅದೇ ದಶಕದಲ್ಲಿ ಆಕಾಶವಾಣಿಯಲ್ಲಿ "ಕೇಳಿ ಕಲಿ" ಪಾಠಗಳೂ ಬರುತ್ತಿದ್ದವು. ಚಿತ್ರ ಇಲ್ಲ, ಬಣ್ಣ ಇಲ್ಲ, ಕೆಲವು ದಿನ ಗೊರಗೊರ ಸದ್ದೇ ಜಾಸ್ತಿ. ಆದರೂ ಇಂಗ್ಲಿಷ್ ಪಾಠದ ಹೊತ್ತಿಗೆ ಮಕ್ಕಳು ಎದ್ದು ನಿಂತು ಕುಣಿಯುತ್ತಿದ್ದರು. ಯಾಕೆ ಗೊತ್ತಾ? ಆ ಪಾಠ ಮಾಡಿದವರು ನಡುವೆ ಜಾಗ ಬಿಟ್ಟಿದ್ದರು. "ಸ್ಟ್ಯಾಂಡ್ ಅಪ್" ಅಂತ ದನಿ ಬರುತ್ತಿತ್ತು, ಆಮೇಲೆ ಸ್ವಲ್ಪ ಸಂಗೀತ. ಆ ಸಂಗೀತ ಮುಗಿಯುವುದರೊಳಗೆ ಮಕ್ಕಳು ನಿಲ್ಲಬೇಕು. "ವಾಟ್ ಈಸ್ ಯುವರ್ ನೇಮ್?" ಅಂತ ಕೇಳಿ ಐದು ಸೆಕೆಂಡ್ ಸುಮ್ಮನಾಗುತ್ತಿತ್ತು. ಆ ಐದು ಸೆಕೆಂಡ್ ಮಕ್ಕಳದ್ದು.

ಈಗಿನ ವಿಡಿಯೊಗಳಲ್ಲಿ ಆ ಜಾಗವೇ ಇಲ್ಲ. ಒಂದು ಕ್ಷಣ ಸುಮ್ಮನಾದರೆ ನೋಡುವವರು ಓಡಿಹೋಗುತ್ತಾರೆ ಅನ್ನೋ ಭಯ ಮಾಡಿದವರಿಗೆ. ಹಾಗಾಗಿ ನೀವೇ ಜಾಗ ಮಾಡಿಕೊಡಿ. ರಿಮೋಟಿನಲ್ಲಿ ಪಾಜ್ ಗುಂಡಿ ಇದೆಯಲ್ಲ, ಅದೇ. ಮುದುಕ ಬಾಯಿ ತೆರೆಯುತ್ತಿದ್ದಂತೆ ನಿಲ್ಲಿಸಿ. "ಈಗ ಅವನು ಏನು ಹೇಳಬಹುದು?" ಅಂತ ಕೇಳಿ. ಮೊದಲ ವಾರ ಕನ್ನಡದಲ್ಲೇ ಹೇಳಲಿ ಬಿಡಿ. ಹತ್ತು ನಿಮಿಷದ ವಿಡಿಯೊ ಬೇಡ, 40 ಸೆಕೆಂಡ್ ಸಾಕು. ಅದನ್ನೇ ಒಂದು ಪಿರಿಯಡ್ ಮಾಡಿ.

ನಾಲ್ಕನೇ ಬೆಂಚು · ಬೆಂಗಳೂರು, ಸಾಫ್ಟ್‌ವೇರ್, ಹತ್ತನೇ ತನಕ ಕನ್ನಡ ಮಾಧ್ಯಮ

ನಾನು ಮೇಷ್ಟ್ರಲ್ಲ. ಆ ಪೆನ್ಸಿಲ್ ಸಾಲಿನ ಪರವಾಗಿ ಒಂದು ಮಾತು ಹೇಳೋಣ ಅಂತ ಬಂದೆ. ನಾನೂ ಹಾಗೇ ಬರೆದುಕೊಂಡು ಓದಿದವನು. ನಮ್ಮ ಮೇಷ್ಟ್ರು ಅದನ್ನು ನೋಡಿದರೆ ರಬ್ಬರ್ ಕೊಟ್ಟು ಅಳಿಸುವ ತನಕ ಎದುರಿಗೇ ನಿಲ್ಲುತ್ತಿದ್ದರು. ಅಳಿಸಿದ ಮೇಲೆ ನನಗೆ ಓದಲು ಏನೂ ಉಳಿಯುತ್ತಿರಲಿಲ್ಲ. ಅದು ಊರುಗೋಲು ಸರ್. ಕಾಲು ಬರುವ ಮುಂಚೆ ಕಿತ್ತುಕೊಳ್ಳಬೇಡಿ.

ಆದರೆ ಅದರಲ್ಲೊಂದು ಮೋಸ ಇದೆ. ಅದು ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ಕುಡಿಯುವ ವೈನ್ ಬೇರೆ, ಬಳ್ಳಿ ಅನ್ನೋ ಅರ್ಥದ ವೈನ್ ಬೇರೆ. ನೋಡಿ, ಕನ್ನಡದಲ್ಲಿ ಬರೆದರೆ ಎರಡೂ ಒಂದೇ! ಪಶ್ಚಿಮ ದಿಕ್ಕೂ ವೆಸ್ಟು, ಒಳಗೆ ಹಾಕುವ ಬನೀನೂ ವೆಸ್ಟು. ಒಂದಕ್ಕೆ ತುಟಿ ಗುಂಡಗೆ ಮಾಡಬೇಕು, ಇನ್ನೊಂದಕ್ಕೆ ಕೆಳತುಟಿಯನ್ನು ಹಲ್ಲಿಗೆ ತಾಗಿಸಬೇಕು. ನಮ್ಮ "ವ" ಅವೆರಡರ ನಡುವೆ ಎಲ್ಲೋ ಇದೆ. ಪೆನ್ಸಿಲ್‌ನಲ್ಲಿ ಬರೆದ ದಿನವೇ ಆ ವ್ಯತ್ಯಾಸ ಸತ್ತುಹೋಗುತ್ತದೆ. ಆಮೇಲೆ ಕಿವಿ ಅದನ್ನು ಹುಡುಕುವುದೇ ಇಲ್ಲ.

ಹಾಗಾಗಿ ಅಳಿಸಬೇಡಿ, ಆದರೆ ಬರೆಯುವ ಮುಂಚೆ ಕೇಳಿಸಿ. ಫೋನಿನಲ್ಲಿ ಯಾವ ಪದ ಒತ್ತಿದರೂ ಓದಿ ಹೇಳುವ ಸೌಲಭ್ಯ ಈಗ ಇದೆ. ಗೂಗಲ್ ಲೆನ್ಸ್‌ನಲ್ಲಿ ಪುಸ್ತಕದ ಪುಟ ಹಿಡಿದರೆ ಸಾಲು ಆರಿಸಿ ಕೇಳಬಹುದು. ನನ್ನ ಕಾಲದಲ್ಲಿ ಅದೊಂದಿದ್ದರೆ ನಾನು "ವೆಡ್ನೆಸ್‌ಡೇ" ಅಂತ ಇಪ್ಪತ್ತೆರಡು ವರ್ಷ ಹೇಳುತ್ತಿರಲಿಲ್ಲ.

ತುಂಗೆಯ ದಡ · ಶಿವಮೊಗ್ಗ, ಪ್ರಾಥಮಿಕ ಶಾಲೆ, ಶಿಕ್ಷಕಿ

ನಾಲ್ಕನೇ ಬೆಂಚು ಅವರೇ, ವೆಡ್ನೆಸ್‌ಡೇ ಅಂತ ನಾನು ಈಗಲೂ ಹೇಳುತ್ತೇನೆ. ಸ್ಪೆಲ್ಲಿಂಗ್ ಹೇಳಿಕೊಡಲು ಸುಲಭ!

ನಮ್ಮದು ಐದನೇ ತರಗತಿ. 2007–08ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತಲ್ಲ, ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಕನ್ನಡ ಮಾಧ್ಯಮದಲ್ಲಿ ಓದಿದ ನಾನೇ ಇಂಗ್ಲಿಷ್ ಕಲಿಸಬೇಕು. ಮಕ್ಕಳಿಗಿಂತ ನನಗೇ ಭಯ ಜಾಸ್ತಿ ಇತ್ತು. ಆಗ ಫೋನಿನಲ್ಲಿ ಇಷ್ಟೆಲ್ಲ ಇರಲಿಲ್ಲ.

ಗೂಗಲ್‌ನ ರೀಡ್ ಅಲಾಂಗ್ ನಾನು ಬಳಸಿದ್ದೇನೆ. 2019ರಲ್ಲಿ "ಬೋಲೋ" ಅಂತ ಬಂದಿತ್ತು, ಆಮೇಲೆ ಹೆಸರು ಬದಲಾಯಿತು. ಮಗು ಜೋರಾಗಿ ಓದುತ್ತದೆ, ದಿಯಾ ಅನ್ನೋ ಬೊಂಬೆ ಕೇಳಿಸಿಕೊಳ್ಳುತ್ತದೆ. ಕತೆ ಮೊದಲೇ ಇಳಿಸಿಕೊಂಡರೆ ನೆಟ್ ಬೇಡ. ಮೇಷ್ಟ್ರ ಎದುರು ಓದಲು ನಾಚುವ ಮಗು ಫೋನಿನ ಎದುರು ಓದುತ್ತದೆ. ಇದನ್ನು ಕಣ್ಣಾರೆ ಕಂಡಿದ್ದೇನೆ. ಫೋನು ನಗುವುದಿಲ್ಲ ಅಲ್ವಾ.

ಆದರೆ ಬೇರೊಂದು ಆಪ್‌ನಲ್ಲಿ, ಹೆಸರು ಬೇಡ, ಒಂದು ದಿನ ಹೀಗಾಯಿತು. ಒಬ್ಬ ಹುಡುಗ "ಎಗ್" ಅನ್ನುವ ಪದ ಓದುತ್ತಿದ್ದ. ಅವನ ಬಾಯಲ್ಲಿ ಅದು "ಯೆಗ್". ಕೆಂಪು ಬಂತು. ಮತ್ತೆ ಹೇಳಿದ, ಕೆಂಪು. ಏಳು ಸಲ. ಎಂಟನೇ ಸಲ ಫೋನು ಬೆಂಚಿನ ಮೇಲಿಟ್ಟು "ಮಿಸ್, ನಂಗೆ ಮೊಟ್ಟೆ ಬರಲ್ಲ" ಅಂದ. ಪಾಪ, ಅವನದೇನು ತಪ್ಪು? ನಾವೆಲ್ಲ "ಎಲ್ಲಿ" ಅಂತ ಬರೆದು "ಯೆಲ್ಲಿ" ಅನ್ನುತ್ತೇವೆ. "ಒಂದು" ಅಂತ ಬರೆದು "ವೊಂದು" ಅನ್ನುತ್ತೇವೆ. ಅದೇ ನಾಲಿಗೆ ಇಂಗ್ಲಿಷಿಗೂ ಹೋಗುತ್ತದೆ: ಯೆವರಿ, ವೋಪನ್, ವೋನ್ಲಿ. ಪದದ ಕೊನೆಗೆ ಒಂದು ಉಕಾರ ಬೇರೆ: ಬಸ್ಸು, ಬುಕ್ಕು, ಪೆನ್ನು.

ನಾನು ಆಮೇಲೆ ಮಾಡಿದ್ದು ಇಷ್ಟೇ. ಆಪ್ ಕೆಂಪು ಅಂದರೂ ನನಗೆ ಅರ್ಥವಾದರೆ ಅದು ಹಸಿರು ಅಂತ ಮಕ್ಕಳಿಗೆ ಹೇಳಿದೆ. ಯೆಗ್ ಅಂದರೂ ಅಂಗಡಿಯವನು ಮೊಟ್ಟೆಯನ್ನೇ ಕೊಡುತ್ತಾನೆ. ಆದರೆ ಫ್ಯಾನಿಗೆ ಪ್ಯಾನ್ ಅಂದರೆ ಅರ್ಥವೇ ಬೇರೆ. ಅಂಥದ್ದನ್ನು ಮಾತ್ರ ಹಿಡಿದು ತಿದ್ದುತ್ತೇನೆ.

ಬಿಸಿಲ ನಾಡು · ರಾಯಚೂರು ಕಡೆ, ಹೈಸ್ಕೂಲ್

ಎಲ್ಲಾ ಖರೆ ಐತ್ರಿ ಮೇಡಂ. ಆದರೆ ನನಗೊಂದು ಪ್ರಶ್ನೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ 80 ಅಂಕ ಬರವಣಿಗೆ, 20 ಆಂತರಿಕ. ಮಗು ಒಂದು ಮಾತೂ ಆಡದೆ ಪಾಸಾಗಬಹುದು. ಮುಖ್ಯಗುರುಗಳು ಕೇಳುವುದು ಫಲಿತಾಂಶ. ಮಾತಾಡಿಸಿ ಅಂತ ಯಾರು ಕೇಳುತ್ತಾರೆ? ಹತ್ತನೇ ತರಗತಿಯಲ್ಲಿ ಡಿಸೆಂಬರ್ ಬಂದರೆ ನಾನೂ ಟಿವಿ ಬಂದ್ ಮಾಡಿ ಪತ್ರಲೇಖನ, ಪದ್ಯದ ಸಾರಾಂಶ ಬಾಯಿಪಾಠ ಮಾಡಿಸುವವನೇ. ಸುಳ್ಳು ಯಾಕೆ ಹೇಳಲಿ.

ನನ್ನ ಕ್ಲಾಸಿನಲ್ಲಿ ಕೈಹಿಡಿದದ್ದು ಪ್ಲಿಕರ್ಸ್ ಅನ್ನೋ ಕ್ವಿಜ್ ಆಪ್. ಕಹೂಟ್‌ನಂಥ ಆಪ್‌ಗಳಿಗೆ ಮಕ್ಕಳ ಕೈಯಲ್ಲಿ ಫೋನು ಬೇಕು ಅಥವಾ ಲ್ಯಾಬ್ ಬೇಕು. ಇದಕ್ಕೆ ಮೇಷ್ಟ್ರದೊಂದು ಫೋನ್ ಸಾಕು. ಪ್ರತಿ ಮಗುವಿಗೆ ಒಂದು ಕಾಗದದ ಕಾರ್ಡು. ಅದರ ಮೇಲೆ ಕ್ಯೂಆರ್ ಕೋಡಿನಂತೆ ಕಾಣುವ ಕಪ್ಪು ಚೌಕದ ಚಿತ್ರ. ನಾಲ್ಕು ಬದಿಗೂ ಸಣ್ಣಗೆ ಎ, ಬಿ, ಸಿ, ಡಿ. ಬೋರ್ಡಿನ ಮೇಲೆ ಪ್ರಶ್ನೆ: "ಯೆಸ್ಟರ್‌ಡೇ ಐ ಡ್ಯಾಶ್ ಟು ದಿ ಜಾತ್ರೆ." ಗೋ, ಗಾನ್, ವೆಂಟ್, ಗೋಯಿಂಗ್. ಮಗು ತನಗೆ ಸರಿ ಅನ್ನಿಸಿದ ಅಕ್ಷರ ಮೇಲೆ ಬರುವಂತೆ ಕಾರ್ಡು ತಿರುಗಿಸಿ ಹಿಡಿಯುತ್ತದೆ. ನಾನು ಫೋನ್ ಕ್ಯಾಮೆರಾವನ್ನು ಈ ಗೋಡೆಯಿಂದ ಆ ಗೋಡೆಗೆ ಒಮ್ಮೆ ಆಡಿಸುತ್ತೇನೆ. ಯಾರು ಸರಿ, ಯಾರು ತಪ್ಪು ಎಲ್ಲ ಫೋನಿನಲ್ಲಿ ಬರುತ್ತದೆ. ಅಕ್ಷರ ಸಣ್ಣದು, ಒಬ್ಬೊಬ್ಬರ ಚಿತ್ರವೂ ಬೇರೆ ಬೇರೆ. ಪಕ್ಕದವನದು ನೋಡಿ ಕಾಪಿ ಮಾಡಲು ಆಗಲ್ಲ. ಮೊದಲ ದಿನ 42ರಲ್ಲಿ 29 ಮಂದಿ "ಗೋ" ಹಿಡಿದಿದ್ದರು. ಅದಕ್ಕೂ ಮುಂಚೆ "ಅರ್ಥ ಆಯ್ತಾ?" ಅಂದರೆ ಎಲ್ಲರೂ "ಆಯ್ತ್ರೀ ಸರ್" ಅಂದಿದ್ದರು!

40 ಕಾರ್ಡಿನ ಕಟ್ಟು ಸಿಗುತ್ತದೆ. ಮಕ್ಕಳು ಜಾಸ್ತಿ ಇದ್ದರೆ 63ರದ್ದೂ ಇದೆ. ಒಂದೇ ಎಚ್ಚರಿಕೆ. ನಾನು ಗಟ್ಟಿ ಬಾಳಿಕೆ ಬರಲಿ ಅಂತ ಫಳಫಳ ಹೊಳೆಯುವ ಲ್ಯಾಮಿನೇಷನ್ ಮಾಡಿಸಿದೆ. ಕಿಟಕಿ ಬೆಳಕು ಬಿದ್ದು ಕ್ಯಾಮೆರಾಕ್ಕೆ ಅರ್ಧ ಕಾರ್ಡು ಕಾಣಲೇ ಇಲ್ಲ. ನಮ್ಮ ಬಿಸಿಲು ಗೊತ್ತಲ್ಲ. 42 ಕಾರ್ಡಿನ ದುಡ್ಡು ನೀರಿಗೆ. ಈಗ ದಪ್ಪ ಕಾಗದದ ಮೇಲೆ ಜೆರಾಕ್ಸ್ ಮಾಡಿ ರಟ್ಟಿಗೆ ಅಂಟಿಸಿದ್ದೇನೆ. ಮತ್ತೆ, ಮಕ್ಕಳು ಬೆರಳನ್ನು ಚಿತ್ರದ ಮೇಲೆ ಇಡಬಾರದು, ಅಂಚನ್ನು ಹಿಡಿಯಬೇಕು. ಇದನ್ನು ಕಲಿಸಲು ಒಂದು ಪಿರಿಯಡ್ ಹೋಗುತ್ತದೆ.

ಚಾಕ್‌ಪೀಸ್

ಬಿಸಿಲ ನಾಡು ಸರ್, ಕಾರ್ಡಿನ ಉಪಾಯ ಬಹಳ ಹಿಡಿಸಿತು. ಆದರೆ ಅದರಲ್ಲೂ ಮಗು ಬಾಯಿ ತೆರೆಯುವುದಿಲ್ಲವಲ್ಲ?

ಬಿಸಿಲ ನಾಡು

ತೆರೆಯುವುದಿಲ್ಲ, ಒಪ್ಪುತ್ತೇನೆ. ಆದರೆ ಯಾರಿಗೆ ಗೊತ್ತಿಲ್ಲ ಅಂತ ಗೊತ್ತಾಗುತ್ತದೆ. ಬಾಯಿ ತೆರೆಸುವ ಮಂತ್ರ ನನ್ನ ಹತ್ತಿರ ಇಲ್ಲ. ಇದ್ದವರು ಹೇಳಲಿ.

ಕಡಲ ಕಿನಾರೆ · ಮಂಗಳೂರು, ನರ್ಸಿಂಗ್ ಮಾಡಿದವರಿಗೆ ಇಂಗ್ಲಿಷ್ ತರಬೇತಿ

ನನ್ನ ಲೋಕ ಬೇರೆ, ಆದರೂ ಹೇಳುತ್ತೇನೆ. ನನ್ನ ಹತ್ತಿರ ಬರುವವರು ದೊಡ್ಡವರು. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಕ್ಕೆ ಹೋಗಲು ಓಇಟಿ, ಅಂದರೆ ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ, ಬರೆಯುವ ನರ್ಸುಗಳು. ಮಾತಿನ ಪರೀಕ್ಷೆಯಲ್ಲಿ ಎರಡು ರೋಲ್‌ಪ್ಲೇ. ಒಂದೊಂದಕ್ಕೂ ಚೀಟಿ ಓದಿ ತಯಾರಾಗಲು 3 ನಿಮಿಷ, ಮಾತಿಗೆ ಸುಮಾರು 5 ನಿಮಿಷ. ಇವರು ನರ್ಸು, ಪರೀಕ್ಷೆ ಮಾಡುವವರು ರೋಗಿ ಅಥವಾ ರೋಗಿಯ ಕಡೆಯವರು.

ಒಂದು ವರ್ಷದಿಂದ ನಾವು ದನಿಯಲ್ಲಿ ಮಾತಾಡುವ ಎಐ ಚಾಟ್‌ಬಾಟ್‌ಗಳನ್ನೇ ರೋಗಿ ಮಾಡಿಕೊಂಡಿದ್ದೇವೆ. ರಾತ್ರಿ ಹನ್ನೊಂದಕ್ಕೆ ಡ್ಯೂಟಿ ಮುಗಿಸಿ ಬಂದವರೂ ಅಭ್ಯಾಸ ಮಾಡಬಹುದು, ನಾನು ಎಚ್ಚರ ಇರಬೇಕಾಗಿಲ್ಲ. ಮೊದಲು ಒಂದು ತೊಂದರೆ ಇತ್ತು. ಬಾಟ್ ರೋಗಿ ಬಹಳ ಒಳ್ಳೆಯವನು. ಏನು ಹೇಳಿದರೂ "ಥ್ಯಾಂಕ್ ಯೂ ನರ್ಸ್, ದಟ್ಸ್ ವೆರಿ ಹೆಲ್ಪ್‌ಫುಲ್". ಅಂಥ ರೋಗಿ ಯಾವ ಆಸ್ಪತ್ರೆಯಲ್ಲಿದ್ದಾನೆ ಹೇಳಿ? ಆಮೇಲೆ ಶುರುವಲ್ಲೇ ಹೇಳಿಕೊಡಲು ಕಲಿತೆವು: ನೀನು ರೋಗಿಯ ಮಗಳು, ಎರಡು ಗಂಟೆಯಿಂದ ಕಾಯುತ್ತಿದ್ದೀಯ, ಸಿಟ್ಟಿನಲ್ಲಿದ್ದೀಯ, ಸುಲಭಕ್ಕೆ ಒಪ್ಪಬೇಡ, ಒಂದು ಸಲಕ್ಕೆ ಎರಡೇ ವಾಕ್ಯ ಮಾತಾಡು.

ಆಗ ಬಂತು ನೋಡಿ ಮಜಾ. ನಮ್ಮ ಹುಡುಗಿಯೊಬ್ಬಳು, ಕೆಲಸದಲ್ಲಿ ಚಿನ್ನದಂಥವಳು, ಮಾತು ಶುರು ಮಾಡಿದ್ದೇ "ಟೆಲ್ ಮಿ, ವಾಟ್ ಈಸ್ ಯುವರ್ ಪ್ರಾಬ್ಲಮ್?" ಅಂತ. ಬಾಟ್ ಮಗಳು ಉರಿದುಬಿದ್ದಳು. ಹುಡುಗಿಗೆ ಕಣ್ಣೀರು. ಅವಳ ಮನಸ್ಸಿನಲ್ಲಿದ್ದದ್ದು "ಹೇಳಿಮ್ಮ, ಏನು ತೊಂದರೆ?" ಎಷ್ಟು ಮೆತ್ತಗಿನ ಮಾತು ಅದು! ಆ "ಹೇಳಿ"ಯೊಳಗಿರುವ ಮರ್ಯಾದೆ "ಟೆಲ್ ಮಿ"ಯಲ್ಲಿ ಇಲ್ಲ. ಇಂಗ್ಲಿಷಿನಲ್ಲಿ ಅದು ಪೊಲೀಸ್ ಠಾಣೆಯ ಮಾತಿನಂತೆ ಕೇಳುತ್ತದೆ. ಫೋನ್ ಎತ್ತಿ "ಟೆಲ್ ಮಿ" ಅನ್ನುವುದೂ ಇದೇ. ಹೊರಡುವಾಗ "ಐ ವಿಲ್ ಕಮ್" ಅನ್ನುವುದೂ ಇದೇ. ನಮಗೆ "ಹೋಗ್ತೀನಿ" ಅನ್ನಲು ಬಾಯಿ ಬರಲ್ಲ, "ಬರ್ತೀನಿ" ಅನ್ನಬೇಕು. ಆದರೆ ಕೇಳಿದವರು ಬಾಗಿಲು ತೆರೆದಿಟ್ಟು ಕಾಯುತ್ತಾರೆ!

ಇಂಥದ್ದನ್ನು ಬಾಟ್ ತಾನಾಗಿ ಬಿಡಿಸಿ ಹೇಳಲಿಲ್ಲ. ಅದು ಬರೀ ಸಿಟ್ಟಾಯಿತು. ಯಾಕೆ ಸಿಟ್ಟಾಯಿತು ಅಂತ ಹೇಳಲು ಎರಡೂ ಭಾಷೆ ಬಲ್ಲ ಮೇಡಂ ಬೇಕಾದಳು. ಹಾಗಾಗಿ ಅಭ್ಯಾಸದ ರೆಕಾರ್ಡಿಂಗ್ ತರಲು ಹೇಳುತ್ತೇನೆ, ಮರುದಿನ ಕೂತು ಕೇಳುತ್ತೇವೆ. ಚಾಕ್‌ಪೀಸ್ ಸರ್, ನಿಮಗೂ ಅದನ್ನೇ ಹೇಳುವುದು. ಬಾಟ್ ಬಿಡಿ. ಫೋನಿನಲ್ಲಿ ರೆಕಾರ್ಡರ್ ಇದೆಯಲ್ಲ, ಅದನ್ನು ಮಕ್ಕಳ ಕೈಗೆ ಕೊಡಿ.

ಹುಡುಗನ ಅಮ್ಮ · ತುಮಕೂರು

ಅಂಗಡಿ ನೋಡಿಕೊಳ್ಳುವವಳು ನಾನು, ಮೇಡಂ ಅಲ್ಲ. ಮಗ ಇಂಗ್ಲಿಷ್ ಮೀಡಿಯಮ್. ಒಂದು ಆಪ್‌ನಲ್ಲಿ ದಿನಾ ಇಂಗ್ಲಿಷ್ ಆಡುತ್ತಾನೆ. 200 ದಿನ ಒಂದೂ ತಪ್ಪಿಸಿಲ್ಲ ಅಂತ ಆಪ್ ಶಹಬಾಸ್ ಕೊಟ್ಟಿದೆ. ಮೊನ್ನೆ ಅಂಗಡಿಗೆ ಹೊರರಾಜ್ಯದವರು ಬಂದು ಇಂಗ್ಲಿಷಿನಲ್ಲಿ ದಾರಿ ಕೇಳಿದರು. ಮಗ ಗೋದಾಮಿಗೆ ಹೋಗಿ ಕೂತ. ನಾನೇ "ಸ್ಟ್ರೇಟ್, ದೆನ್ ಲೆಫ್ಟ್, ಟೆಂಪಲ್" ಅಂತ ಕೈ ತೋರಿಸಿ ಕಳಿಸಿದೆ. ಆಮೇಲೆ ಹೊರಗೆ ಬಂದು "ಅಮ್ಮ, 'ಟರ್ನ್ ಲೆಫ್ಟ್' ಅನ್ನಬೇಕು" ಅಂತ ನನ್ನನ್ನೇ ತಿದ್ದಿದ!

ಜ್ಞಾನಭಾರತಿ ಬಸ್ಸು · ಮೈಸೂರು, ಶಿಕ್ಷಕರ ತರಬೇತಿಯಲ್ಲಿದ್ದವರು

ಅಮ್ಮನವರೇ, ನೀವು ಮಾಡಿದ್ದೇ ನಿಜವಾದ ಇಂಗ್ಲಿಷ್ ಪಾಠ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಬೆಂಗಳೂರಿನ ಜ್ಞಾನಭಾರತಿಯಲ್ಲಿ 1963ರಲ್ಲಿ ಶುರುವಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ನಮ್ಮಲ್ಲಿ ಎಷ್ಟೋ ಮೇಷ್ಟ್ರುಗಳು ಅಲ್ಲಿ ತರಬೇತಿಗೆ ಹೋಗಿ, ಹಾಸ್ಟೆಲ್ ಊಟ ಬೈದುಕೊಂಡು ಬಂದವರೇ. ಆ ಸಂಸ್ಥೆಯ ಜೊತೆ ಸೇರಿ ಎನ್.ಎಸ್. ಪ್ರಭು ಅನ್ನುವವರು 1979ರಿಂದ 1984ರ ತನಕ ಒಂದು ಪ್ರಯೋಗ ಮಾಡಿದರು. ಬೆಂಗಳೂರು, ಮದ್ರಾಸಿನಂಥ ಊರುಗಳ ಸಾಧಾರಣ ಶಾಲೆಗಳಲ್ಲಿ, ಸಾಧಾರಣ ಮಕ್ಕಳ ಜೊತೆ. ವ್ಯಾಕರಣದ ಪಟ್ಟಿ ಪಕ್ಕಕ್ಕಿಟ್ಟರು. ಬದಲಿಗೆ ಒಂದು ಕೆಲಸ ಕೊಟ್ಟರು. ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹತ್ತಬೇಕು ಹೇಳು. ನಕ್ಷೆ ನೋಡಿ ದಾರಿ ಹೇಳು. ಮೊದಲು ಮೇಷ್ಟ್ರು ಇಡೀ ತರಗತಿಯ ಜೊತೆ ಅಂಥದೇ ಒಂದನ್ನು ಬಿಡಿಸುತ್ತಾರೆ, ಆಮೇಲೆ ಮಗು ತಾನೇ ಬಿಡಿಸುತ್ತದೆ. ಮನಸ್ಸು ಪೂರ್ತಿ ಲೆಕ್ಕದ ಮೇಲೆ ಇರುವಾಗ ಭಾಷೆ ಸದ್ದಿಲ್ಲದೆ ಒಳಗಿಳಿಯುತ್ತದೆ ಅನ್ನುವುದು ಅವರ ನಂಬಿಕೆ. ಇವತ್ತು ಜಗತ್ತಿನ ಇಂಗ್ಲಿಷ್ ಶಿಕ್ಷಕರೆಲ್ಲ "ಟಾಸ್ಕ್" ಆಧರಿಸಿದ ಪಾಠ ಅಂತ ಮಾತಾಡುತ್ತಾರಲ್ಲ, ಅವರು ಈ ಪ್ರಯೋಗದ, ಅಂದರೆ ಬೆಂಗಳೂರು ಪ್ರಾಜೆಕ್ಟಿನ, ಹೆಸರು ಹೇಳದೆ ಮುಂದೆ ಹೋಗಲ್ಲ. ನಮ್ಮವರಿಗೇ ಅದು ಗೊತ್ತಿಲ್ಲ ಅನ್ನೋದು ನನ್ನ ಹಳೇ ಹೊಟ್ಟೆಯುರಿ.

ಆಗ ಕಪ್ಪುಹಲಗೆ ಮೇಲೆ ವೇಳಾಪಟ್ಟಿ ಬರೆಯಬೇಕಿತ್ತು. ಈಗ ನಿಮ್ಮ ಹತ್ತಿರ 55 ಇಂಚಿನ ಟಿವಿ ಇದೆ. ಅದರ ಮೇಲೆ ಗೂಗಲ್ ಮ್ಯಾಪಿನಲ್ಲಿ ನಿಮ್ಮದೇ ಊರು ಹಾಕಿ. ನೆಟ್ ಇಲ್ಲದಿದ್ದರೆ ಸ್ಕ್ರೀನ್‌ಶಾಟ್ ಸಾಕು. ಸಂತೆ ಮೈದಾನದಿಂದ ಪಶು ಆಸ್ಪತ್ರೆಗೆ ಹೇಗೆ ಹೋಗಬೇಕು? ಒಬ್ಬ ಹುಡುಗ ಟಿವಿಗೆ ಬೆನ್ನು ಹಾಕಿ ನಿಲ್ಲಲಿ. ಉಳಿದವರು ಅವನಿಗೆ ದಾರಿ ಹೇಳಲಿ. ಅವನು ಕಾಗದದ ಮೇಲೆ ಗೆರೆ ಎಳೆಯಲಿ. ಇವರಿಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ, ಅದಕ್ಕೇ ಮಾತು ಬೇಕಾಗುತ್ತದೆ. ನೀವು ಇಷ್ಟು ದಿನ ತೋರಿಸಿದ ವಿಡಿಯೊವನ್ನು ಎಲ್ಲರೂ ನೋಡಿದ್ದಾರೆ. ಮುದುಕ ಏನು ಹೇಳಿದ ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು. ಗೊತ್ತಿರುವುದನ್ನೇ ಯಾಕೆ ಕೇಳುತ್ತಾರೆ ಈ ಮೇಷ್ಟ್ರು ಅಂತ ಮಕ್ಕಳು ತಲೆ ತಗ್ಗಿಸಿದರೆ ಅವರದೇನು ತಪ್ಪು?

ತುಂಗೆಯ ದಡ

ಕೊನೆಯ ಮಾತು ಚುರುಕ್ ಅಂತು ಸರ್. ನಾನೂ ಅದನ್ನೇ ಮಾಡುವವಳು.

ಒಂದು ಸಣ್ಣ ಸೇರಿಕೆ. ಕತೆ ಬೇಕೆಂದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣ ನೋಡಿ. 2015ರಿಂದ ಇದೆ, ಪುಕ್ಕಟೆ. ಎಷ್ಟೋ ಕತೆಗಳು ಕನ್ನಡದಲ್ಲೂ ಇವೆ, ಇಂಗ್ಲಿಷಿನಲ್ಲೂ ಇವೆ, ನಾಲ್ಕು ಹಂತಗಳಲ್ಲಿ. ಇಳಿಸಿಕೊಂಡು ಅಚ್ಚು ಹಾಕಿಸಬಹುದು. ನಾನು ಅರ್ಧ ಕ್ಲಾಸಿಗೆ ಕನ್ನಡದ್ದು, ಇನ್ನರ್ಧಕ್ಕೆ ಅದೇ ಕತೆಯ ಇಂಗ್ಲಿಷ್ ಕೊಡುತ್ತೇನೆ. ಇಂಗ್ಲಿಷ್ ಸಿಕ್ಕವರು ಕಷ್ಟದ ಪದ ಹಿಡಿದು ಕನ್ನಡದವರ ಹತ್ತಿರ ಹೋಗುತ್ತಾರೆ. ಗದ್ದಲವೋ ಗದ್ದಲ. ಪಕ್ಕದ ಕ್ಲಾಸಿನವರು ಹೊಗಳುವುದಿಲ್ಲ!

ಚಾಕ್‌ಪೀಸ್ · ಮೂರು ವಾರದ ಮೇಲೆ

ಬಹಳ ದಿನ ಬರಲಾಗಲಿಲ್ಲ. ನಡುವೆ ಪ್ರತಿಭಾ ಕಾರಂಜಿ ಕೆಲಸ ಇತ್ತು. ಆದದ್ದು ಹೇಳುತ್ತೇನೆ.

ಪಾಜ್ ಗುಂಡಿ: ಕೆಲಸ ಮಾಡಿತು. ಎರಡನೇ ವಾರಕ್ಕೆ ಒಂದೊಂದು ಇಂಗ್ಲಿಷ್ ಪದ ಬಿತ್ತು.

ಮ್ಯಾಪು: ಮೊದಲ ದಿನ ಪೂರಾ ಎಡವಟ್ಟು. ಮ್ಯಾಪಿನಲ್ಲಿ ನಮ್ಮ ಊರಿನ ಹೆಸರೇ ತಪ್ಪಿದೆ, ಮಕ್ಕಳು ಅದನ್ನೇ ಹಿಡಿದು ಇಪ್ಪತ್ತು ನಿಮಿಷ ಜಗಳ ಆಡಿದರು, ಅದೂ ಅಚ್ಚ ಕನ್ನಡದಲ್ಲಿ. ಮರುದಿನ ಮತ್ತೆ ಇಟ್ಟೆ. ಟಿವಿಗೆ ಬೆನ್ನು ಹಾಕಿ ನಿಂತ ಹುಡುಗ ಗೆರೆಯನ್ನು ಕೆರೆಯೊಳಗೆ ಎಳೆದುಬಿಟ್ಟ. ಆಗ ಇಡೀ ಕ್ಲಾಸು ಒಟ್ಟಿಗೆ "ನೋ! ನೋ! ವಾಟರ್! ವಾಟರ್! ಕಮ್ ಬ್ಯಾಕ್!" ಅಂತ ಕೂಗಿತು. ವ್ಯಾಕರಣ ಇರಲಿಲ್ಲ, ಆದರೆ 38 ಬಾಯಿಯೂ ತೆರೆದಿದ್ದವು. ಹೆಡ್‌ಮಾಸ್ಟರು ಓಡಿ ಬಂದರು, ಏನೋ ಅವಘಡ ಆಯಿತು ಅಂತ.

ರೆಕಾರ್ಡರ್: ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಿಸಿಯೂಟದ ಕೋಣೆಯ ಪಕ್ಕ ಮೆಟ್ಟಿಲ ಕೆಳಗೊಂದು ಮೂಲೆ ಇದೆ. ಅಲ್ಲಿ ಒಂದು ರಟ್ಟಿನ ಪೆಟ್ಟಿಗೆ ಅಡ್ಡ ಇಟ್ಟು ಒಳಗೆ ಹಳೇ ಬೆಡ್‌ಶೀಟು ಹಾಸಿದೆ, ಹೊರಗಿನ ಸದ್ದು ಕಡಿಮೆಯಾಗಲಿ ಅಂತ. ಫೋನು ಅದರೊಳಗೆ. ಸಿಮ್ ತೆಗೆದಿದ್ದೆ. ದಿನಕ್ಕೆ ಎಂಟು ಮಕ್ಕಳು, ಒಬ್ಬೊಬ್ಬರಿಗೆ 30 ಸೆಕೆಂಡ್. ಬೆಳಿಗ್ಗೆ ಮನೆಯಿಂದ ಶಾಲೆಗೆ ಬರುವಾಗ ಏನು ನೋಡಿದೆ, ಅಷ್ಟೇ ಹೇಳಬೇಕು. ಇಷ್ಟವಾಗದಿದ್ದರೆ ಅಳಿಸಿ ಮತ್ತೆ ಹೇಳಬಹುದು. 38 ಮಕ್ಕಳದು ಸೇರಿದರೆ 19 ನಿಮಿಷ. ವಾರಕ್ಕೊಮ್ಮೆ ರಾತ್ರಿ ಊಟ ಆದ ಮೇಲೆ ಕೂತು ಕೇಳುತ್ತೇನೆ. ಭಾರ ಅಲ್ಲ.

ಆ ಪೆನ್ಸಿಲ್ ಹುಡುಗಿ ಇದ್ದಾಳಲ್ಲ, ಅವಳು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಹಿಂದಿನವರು ಬೈಯಲು ಶುರು ಮಾಡಿದರು. ಹೋಗಿ ನೋಡಿದರೆ ಆರು ಸಲ ಹೇಳಿ ಆರು ಸಲ ಅಳಿಸಿದ್ದಾಳೆ. ಏಳನೆಯದು ಉಳಿಸಿದ್ದಳು. "ಐ ಸೀ ಒನ್ ಡಾಗ್. ಡಾಗ್ ಸೀ ಮಿ. ಐ ಸ್ಟಾಪ್. ಡಾಗ್ ಸ್ಟಾಪ್. ಆಲ್ಸೋ ಡಾಗ್ ಫಿಯರ್." ಅಷ್ಟೇ. ನಾನು ಮೂರು ಸಲ ಕೇಳಿದೆ. ಮನೆಯಲ್ಲಿ ಹೆಂಡತಿಗೂ ಕೇಳಿಸಿದೆ.

ಅದರಲ್ಲಿ ತಿದ್ದಲು ಬೇಕಾದಷ್ಟಿದೆ, ಗೊತ್ತು. ಈಗಲೇ ತಿದ್ದಲಿಲ್ಲ. ಆ ನಾಯಿ ಕತೆಯನ್ನು ಪೆನ್ಸಿಲ್‌ನಲ್ಲಿ ಎಲ್ಲೂ ಬರೆದುಕೊಂಡಿರಲಿಲ್ಲ ಅವಳು. ಪುಸ್ತಕ ಕೇಳಿ ನೋಡಿದೆ.

ಪ್ಲಿಕರ್ಸ್ ಕಾರ್ಡು ಇನ್ನೂ ಮಾಡಿಲ್ಲ.

ನಾಲ್ಕನೇ ಬೆಂಚು

"ಆಲ್ಸೋ ಡಾಗ್ ಫಿಯರ್" — ನಾಯಿಗೂ ಭಯ! ಸರ್, ಆ ರೆಕಾರ್ಡಿಂಗ್ ಇಲ್ಲಿ ಹಾಕಿ, ನಾವೂ ಕೇಳೋಣ.

ಕಡಲ ಕಿನಾರೆ

ಬೇಡ ಸರ್, ಹಾಕಬೇಡಿ. ಮಗುವಿನ ದನಿ ಅದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಹೆತ್ತವರ ಒಪ್ಪಿಗೆ ಬೇಕು ಅಂತ ಇದೆ. ಕಾಯ್ದೆ ಆಚೆಗಿರಲಿ. ಆರು ಸಲ ಅಳಿಸಿದವಳು ಅವಳು. ಊರಿನ ವಾಟ್ಸಾಪ್ ಗುಂಪಿನಲ್ಲಿ ಅದು ಓಡಾಡಿದರೆ ಎಂಟನೇ ಸಲ ಆ ಮೂಲೆಗೆ ಹೋಗುತ್ತಾಳಾ?

ಚಾಕ್‌ಪೀಸ್

ಹಾಕಲ್ಲ ಮೇಡಂ. ಕೇಳಿದ ಮೇಲೆ ಅಳಿಸುತ್ತೇನೆ ಅಂತ ಮಕ್ಕಳಿಗೆ ಮೊದಲೇ ಮಾತು ಕೊಟ್ಟಿದ್ದೇನೆ. ಅವಳದು ಮಾತ್ರ ಅವಳನ್ನೇ ಕೇಳಿ ಇಟ್ಟುಕೊಂಡಿದ್ದೇನೆ, ಮಾರ್ಚ್‌ನಲ್ಲಿ ಅವಳಿಗೇ ಕೇಳಿಸಲು.

ಬಿಸಿಲ ನಾಡು ಸರ್, ಕಾರ್ಡಿಗೆ ಎಷ್ಟು ದಪ್ಪದ ಕಾಗದ ಹಾಕಿಸಿದಿರಿ? ಇಲ್ಲಿ ಜೆರಾಕ್ಸ್ ಅಂಗಡಿಯವನು ಮದುವೆ ಕಾರ್ಡಿನ ಕಾಗದ ಇದೆ ಅನ್ನುತ್ತಿದ್ದಾನೆ, ಆದರೆ ಅದಕ್ಕೆ ಸ್ವಲ್ಪ ಹೊಳಪಿದೆ.

ಬಿಸಿಲ ನಾಡು

ಹೊಳಪಿದ್ದರೆ ಬ್ಯಾಡ್ರಿ. ಸಾದಾ ಕಾಗದದಲ್ಲೇ ತೆಗೆಸಿ, ಹಳೇ ನೋಟ್‌ಬುಕ್ಕಿನ ರಟ್ಟಿಗೆ ಮೈದಾ ಅಂಟು ಹಚ್ಚಿ ಅಂಟಿಸಿಬಿಡಿ. ಒಣಗುವಾಗ ಮೇಲೆ ಭಾರ ಇಡಿ, ಇಲ್ಲದಿದ್ದರೆ ಹಪ್ಪಳದಂತೆ ಮುದುಡುತ್ತದೆ.